ಒಂದೇ ಬೆಂಚಿನಲ್ಲಿ ಕೂತರೆ ಸಾಕಾ?

ಪ್ರಶ್ನೆ: ನಾವು ಮೈಸೂರಿನವರು. ನಾಲ್ಕು ವರ್ಷದಿಂದ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿದ್ದೇವೆ. ಮಗಳು ಈಗ ಪಿ6ರಲ್ಲಿ, ಅಂದರೆ ಪ್ರೈಮರಿಯ ಆರನೇ ವರ್ಷದಲ್ಲಿ ಓದುತ್ತಿದ್ದಾಳೆ. ಮುಂದಿನ ವರ್ಷ ಅವಳಿಗೆ ಸೆಕೆಂಡರಿ ಶಾಲೆ ಆರಿಸಬೇಕು. ಪಕ್ಕದ ಮನೆಯವರು 'ಇಂಟಿಗ್ರೇಟೆಡ್ ಶಾಲೆಗೆ ಹಾಕಿ, ಅಲ್ಲಿ ಕ್ಯಾಥೋಲಿಕ್ ಮಕ್ಕಳೂ ಪ್ರೊಟೆಸ್ಟೆಂಟ್ ಮಕ್ಕಳೂ ಒಟ್ಟಿಗೆ ಓದುತ್ತಾರೆ' ಅನ್ನುತ್ತಾರೆ. ಇಬ್ಬರೂ ಕ್ರೈಸ್ತರೇ ಅಲ್ವಾ? ಒಟ್ಟಿಗೆ ಓದುವುದರಲ್ಲಿ ಅಷ್ಟು ದೊಡ್ಡದೇನಿದೆ? ನಮ್ಮಂಥ ಹಿಂದೂ ಮನೆಯ ಮಗುವಿಗೆ ಅಲ್ಲಿ ಜಾಗ ಇದೆಯಾ? ಯಜಮಾನರು ಪರೀಕ್ಷೆ ಮಾಡಿ ಮಕ್ಕಳನ್ನು ಆರಿಸಿಕೊಳ್ಳುವ ಗ್ರಾಮರ್ ಶಾಲೆಯೇ ಬೇಕು ಅನ್ನುತ್ತಿದ್ದಾರೆ. ಓದಿನಲ್ಲಿ ಹಿಂದೆ ಬೀಳುತ್ತಾಳೆ ಅಂತ ಅವರಿಗೆ ಭಯ. ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಉತ್ತರ: 'ಇಬ್ಬರೂ ಕ್ರೈಸ್ತರೇ ಅಲ್ವಾ' ಅಂತ ನಾನೂ ಕೇಳಿದ್ದೆ. ಬೆಲ್‌ಫಾಸ್ಟ್‌ಗೆ ಬಂದು, ಇಂಥದ್ದೇ ಒಂದು ಶಾಲೆಯಲ್ಲಿ ಗಣಿತದ ಟೀಚರ್ ಆಗಿ ಸೇರಿದ ಮೊದಲ ವಾರದಲ್ಲೇ ಕೇಳಿದ್ದೆ. ಸ್ಟಾಫ್ ರೂಮಿನಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹಿರಿಯ ಟೀಚರ್ ನನಗೆ ಟೀ ತಂದುಕೊಟ್ಟು, ಪಕ್ಕದಲ್ಲಿ ಕೂತು, ಒಂದು ಗಂಟೆ ತಮ್ಮ ಬಾಲ್ಯದ ಕತೆ ಹೇಳಿದರು. ಹದಿನಾರು ವರ್ಷ ಅಲ್ಲಿ ಪಾಠ ಮಾಡಿದ ಮೇಲೂ, ಆ ಒಂದು ಗಂಟೆಯಲ್ಲಿ ಕಲಿತದ್ದೇ ಜಾಸ್ತಿ ಅನಿಸುತ್ತದೆ.

ನಮಗೆ ಇದು ಅರ್ಥವಾಗದಿರಲು ಕಾರಣ ಇದೆ. ನಾನು ಮಂಗಳೂರಿನವಳು. ಓದಿದ್ದು ಸಿಸ್ಟರ್‌ಗಳು ನಡೆಸುವ ಕಾನ್ವೆಂಟಿನಲ್ಲಿ. 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರ ಶಾಲೆಗಳು ನಮ್ಮೂರಿನಲ್ಲಿದ್ದವು, ಅವು ಪ್ರೊಟೆಸ್ಟೆಂಟರವು. 1880ರಲ್ಲಿ ಜೆಸ್ವಿಟ್ ಪಾದ್ರಿಗಳು ಶುರುಮಾಡಿದ ಸೇಂಟ್ ಅಲೋಶಿಯಸ್ ಇತ್ತು, ಅದು ಕ್ಯಾಥೋಲಿಕರದು. ಆದರೆ ಮಗುವನ್ನು ಸೇರಿಸುವಾಗ ನಮ್ಮ ಅಪ್ಪ ಅಮ್ಮಂದಿರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಫೀಸು ಎಷ್ಟು, ಪಾಠ ಹೇಗೆ, ಬಸ್ ಸಿಗುತ್ತದಾ ಅಂತ ಕೇಳುತ್ತಿದ್ದರು. ನನ್ನ ಬೆಂಚಿನಲ್ಲಿ ಒಬ್ಬಳು ಬ್ಯಾರಿ ಹುಡುಗಿ, ಒಬ್ಬಳು ಕೊಂಕಣಿ ಕ್ಯಾಥೋಲಿಕ್ ಹುಡುಗಿ, ಮಧ್ಯೆ ನಾನು. ನಮ್ಮಲ್ಲಿ ಶಾಲೆ ನಡೆಸುವವರ ಧರ್ಮ ಒಂದು, ಕೂತು ಓದುವ ಮಕ್ಕಳ ಧರ್ಮ ಹಲವು. ಉತ್ತರ ಐರ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿ ಕ್ಯಾಥೋಲಿಕ್ ಶಾಲೆಯಲ್ಲಿ ಓದುವವರು ಬಹುತೇಕ ಕ್ಯಾಥೋಲಿಕ್ ಮಕ್ಕಳೇ. 'ಕಂಟ್ರೋಲ್ಡ್' ಅನ್ನುವ ಸರ್ಕಾರಿ ಶಾಲೆಗಳಲ್ಲಿ ಬಹುತೇಕ ಪ್ರೊಟೆಸ್ಟೆಂಟ್ ಮನೆಯವರು. ಎರಡಕ್ಕೂ ಸರ್ಕಾರದ ದುಡ್ಡೇ. ಆದರೂ ಒಂದು ಮಗು ನಾಲ್ಕನೇ ವಯಸ್ಸಿನಿಂದ ಹದಿನೆಂಟರವರೆಗೆ ಆಚೆ ಕಡೆಯ ಒಬ್ಬ ಗೆಳೆಯನೂ ಇಲ್ಲದೆ ಬೆಳೆದುಬಿಡಬಹುದು.

ಇನ್ನೊಂದು ವಿಷಯ. ಅಲ್ಲಿ ಕ್ಯಾಥೋಲಿಕ್, ಪ್ರೊಟೆಸ್ಟೆಂಟ್ ಅನ್ನುವ ಪದಗಳಿಗೆ ಭಾನುವಾರ ಯಾವ ಚರ್ಚಿಗೆ ಹೋಗುತ್ತೀರಿ ಅನ್ನುವುದಷ್ಟೇ ಅರ್ಥವಲ್ಲ. ಚರ್ಚಿನ ಮೆಟ್ಟಿಲನ್ನೇ ಹತ್ತದವರೂ ಈ ಎರಡರಲ್ಲಿ ಒಂದಕ್ಕೆ ಸೇರಿರುತ್ತಾರೆ. ಪ್ರೊಟೆಸ್ಟೆಂಟ್ ಅಂದರೆ ಸಾಮಾನ್ಯವಾಗಿ ತನ್ನನ್ನು ಬ್ರಿಟಿಷ್ ಅಂದುಕೊಳ್ಳುವ ಮನೆ. ಕ್ಯಾಥೋಲಿಕ್ ಅಂದರೆ ಐರಿಷ್ ಅಂದುಕೊಳ್ಳುವ ಮನೆ. ಒಂದೇ ಊರನ್ನು ಒಬ್ಬರು ಲಂಡನ್‌ಡೆರಿ ಅನ್ನುತ್ತಾರೆ, ಇನ್ನೊಬ್ಬರು ಡೆರಿ ಅನ್ನುತ್ತಾರೆ. ಒಬ್ಬರು ಹಾಕಿ, ರಗ್ಬಿ ಆಡುತ್ತಾರೆ, ಇನ್ನೊಬ್ಬರು ಗೇಲಿಕ್ ಫುಟ್‌ಬಾಲ್, ಹರ್ಲಿಂಗ್ ಅನ್ನುವ ಐರಿಷ್ ಆಟಗಳನ್ನು. ಇಂಗ್ಲಿಷ್ ಅಕ್ಷರಮಾಲೆಯ ಎಂಟನೇ ಅಕ್ಷರವನ್ನು ಒಬ್ಬರು 'ಏಚ್' ಅನ್ನುತ್ತಾರೆ, ಇನ್ನೊಬ್ಬರು 'ಹೇಚ್' ಅನ್ನುತ್ತಾರೆ. ಹೊಸಬರು ಎದುರಾದರೆ ಹೆಸರು, ಬೀದಿ, ಓದಿದ ಶಾಲೆ, ಈ ಒಂದು ಅಕ್ಷರ, ಇಷ್ಟರಲ್ಲೇ ಯಾವ ಕಡೆಯವರು ಅಂತ ಹಿಡಿದುಬಿಡುತ್ತಾರೆ. 'ಅವನು ಯಾವ ಕಾಲಲ್ಲಿ ಒದೆಯುತ್ತಾನೆ' ಅಂತ ಕೇಳುವ ಹಳೆಯ ಮಾತೊಂದಿದೆ. ಅದರರ್ಥ ಅವನು ಯಾವ ಧರ್ಮದವನು ಅಂತ. ಶಾಲೆಯ ಯೂನಿಫಾರ್ಮಂತೂ ಕುತ್ತಿಗೆಗೆ ನೇತುಹಾಕಿದ ಬೋರ್ಡಿದ್ದ ಹಾಗೆ. ಬಸ್ಸಿನಲ್ಲಿ ಹನ್ನೊಂದು ವರ್ಷದ ಮಗುವಿನ ಬ್ಲೇಜರ್ ಬಣ್ಣ ನೋಡಿಯೇ ಅದರ ಧರ್ಮ ಹೇಳಬಹುದು.

ಇದು ಬರೀ ಕುತೂಹಲದ ಸಂಗತಿಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. 1960ರ ದಶಕದ ಕೊನೆಯಿಂದ 1998ರ ಒಪ್ಪಂದದವರೆಗೆ, ಬರೀ 15–16 ಲಕ್ಷ ಜನರಿದ್ದ ಆ ಪುಟ್ಟ ನಾಡಿನಲ್ಲಿ, ಬ್ರಿಟನ್ ಜೊತೆ ಉಳಿಯುವುದಾ ಐರ್ಲೆಂಡ್ ಜೊತೆ ಸೇರುವುದಾ ಅನ್ನುವ ಜಗಳದಲ್ಲಿ, 3,500ಕ್ಕೂ ಹೆಚ್ಚು ಜನ ಸತ್ತರು. ಅದನ್ನು ಅಲ್ಲಿನವರು 'ಟ್ರಬಲ್ಸ್' ಅನ್ನುತ್ತಾರೆ. ಎರಡು ಕಡೆಯವರ ಬೀದಿಗಳ ಮಧ್ಯೆ ಆಗ ಎಬ್ಬಿಸಿದ ಗೋಡೆಗಳು ಬೆಲ್‌ಫಾಸ್ಟ್‌ನಲ್ಲಿ ಈಗಲೂ ಇವೆ. ನೀವೂ ನೋಡಿರುತ್ತೀರಿ. ಶಾಂತಿ ಒಪ್ಪಂದವಾಗಿ ಮೂರು ವರ್ಷದ ಮೇಲೂ, 2001ರಲ್ಲಿ, ಉತ್ತರ ಬೆಲ್‌ಫಾಸ್ಟ್‌ನ ಹೋಲಿ ಕ್ರಾಸ್ ಪ್ರೈಮರಿ ಶಾಲೆಯ ಪುಟ್ಟ ಕ್ಯಾಥೋಲಿಕ್ ಹುಡುಗಿಯರು ಪೊಲೀಸರ ಸಾಲಿನ ನಡುವೆ, ಬೈಗುಳದ ನಡುವೆ, ಅಮ್ಮಂದಿರ ಕೈ ಹಿಡಿದು ಶಾಲೆಗೆ ಹೋಗಬೇಕಾಯಿತು. ಆ ಮಕ್ಕಳಿಗೆ ಈಗ ನಿಮ್ಮ ಮಗಳ ವಯಸ್ಸಿನ ಮಕ್ಕಳಿರಬಹುದು.

ಹಾಗಾದರೆ ಮಕ್ಕಳನ್ನು ಬೇರೆ ಮಾಡಿದವರು ಯಾರು? ಯಾರೋ ಒಬ್ಬರಲ್ಲ. 1831ರಲ್ಲಿ ಬ್ರಿಟಿಷ್ ಸರ್ಕಾರ ಐರ್ಲೆಂಡಿನಲ್ಲಿ ನ್ಯಾಷನಲ್ ಶಾಲೆಗಳನ್ನು ಶುರುಮಾಡಿದಾಗ, ಎಲ್ಲ ಮಕ್ಕಳೂ ಒಟ್ಟಿಗೆ ಕಲಿಯಲಿ, ಧರ್ಮದ ಪಾಠ ಮಾತ್ರ ಬೇರೆ ಇರಲಿ ಅನ್ನುವುದೇ ಯೋಚನೆಯಾಗಿತ್ತು. ಚರ್ಚುಗಳು ಒಂದೊಂದಾಗಿ ಅದನ್ನು ತಮ್ಮ ತಮ್ಮ ಕಡೆಗೆ ಎಳೆದುಕೊಂಡವು. ಉತ್ತರ ಐರ್ಲೆಂಡ್ ಬೇರೆಯಾದ ಮೇಲೆ ಅದರ ಮೊದಲ ಶಿಕ್ಷಣ ಮಂತ್ರಿ ಲಾರ್ಡ್ ಲಂಡನ್‌ಡೆರಿ 1923ರಲ್ಲಿ ಮತ್ತೆ ಅಂಥದ್ದೇ ಕಾನೂನು ತಂದರು. ಕ್ಯಾಥೋಲಿಕ್ ಚರ್ಚು ತನ್ನ ಶಾಲೆಗಳನ್ನು ಕೊಡಲು ಒಪ್ಪಲಿಲ್ಲ. ಪ್ರೊಟೆಸ್ಟೆಂಟ್ ಚರ್ಚುಗಳು ಬೈಬಲ್ ಪಾಠ ಬೇಕೇ ಬೇಕು ಅಂತ ಹಟ ಹಿಡಿದು, 1925 ಮತ್ತು 1930ರಲ್ಲಿ ಕಾನೂನನ್ನೇ ಬದಲಾಯಿಸಿಕೊಂಡವು. ಅಲ್ಲಿಂದ ಮುಂದೆ ಎರಡು ಸಾಲು ಶಾಲೆಗಳು ಹಾಗೆಯೇ ಗಟ್ಟಿಯಾದವು.

ಈಗ ನಿಮ್ಮ ಪಕ್ಕದ ಮನೆಯವರು ಹೇಳಿದ ಶಾಲೆಗಳ ಕತೆಗೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ಈ ಶಾಲೆಗಳನ್ನು ಕಟ್ಟಿದವರು ಸರ್ಕಾರದವರೂ ಅಲ್ಲ, ಚರ್ಚಿನವರೂ ಅಲ್ಲ. ನಿಮ್ಮಂಥ ಅಪ್ಪ ಅಮ್ಮಂದಿರು.

1970ರ ದಶಕದ ಶುರುವಿನಲ್ಲಿ ಬೆಲ್‌ಫಾಸ್ಟ್ ಸುತ್ತಮುತ್ತ ಕೆಲವು ಕ್ಯಾಥೋಲಿಕ್ ತಾಯಂದಿರು ಮಕ್ಕಳನ್ನು ಕ್ಯಾಥೋಲಿಕ್ ಅಲ್ಲದ ಶಾಲೆಗೆ ಕಳಿಸುತ್ತಿದ್ದರು. ಪರಮಪ್ರಸಾದ, ದೃಢೀಕರಣ ಅನ್ನುವ ಕ್ಯಾಥೋಲಿಕ್ ಸಂಸ್ಕಾರಗಳಿಗೆಲ್ಲ ಅಲ್ಲಿ ಮಕ್ಕಳನ್ನು ತಯಾರು ಮಾಡುವುದು ಕ್ಯಾಥೋಲಿಕ್ ಶಾಲೆಯೇ. ಬೇರೆ ಶಾಲೆಗೆ ಹೋಗುವ ಮಕ್ಕಳಿಗೆ ದೃಢೀಕರಣ ಸಂಸ್ಕಾರ ಕೊಡಲು ಆಗಿನ ಬಿಷಪ್ ಒಪ್ಪಲಿಲ್ಲ. ಈ ತಾಯಂದಿರು ಸುಮ್ನೆ ಕೂರಲಿಲ್ಲ. ತಾವೇ ಮಕ್ಕಳಿಗೆ ಪಾಠ ಹೇಳಲು ಸೇರಿದರು. ಆಮೇಲೆ ಪ್ರೊಟೆಸ್ಟೆಂಟ್ ಮನೆಯವರೂ ಜೊತೆಗೂಡಿದರು. 'ಆಲ್ ಚಿಲ್ಡ್ರನ್ ಟುಗೆದರ್' ಅನ್ನುವ ಗುಂಪು ಹುಟ್ಟಿದ್ದು ಹೀಗೆ. ಧರ್ಮ ಬೇಡ ಅನ್ನುವವರಿಂದ ಈ ಕೆಲಸ ಶುರುವಾಗಲಿಲ್ಲ. ಮಕ್ಕಳಿಗೆ ತಮ್ಮ ಧರ್ಮವೂ ಬೇಕು, ಪಕ್ಕದ ಮನೆಯ ಗೆಳೆಯನೂ ಬೇಕು ಅಂದವರಿಂದ ಶುರುವಾಯಿತು.

1974ರಲ್ಲಿ ಎರಡೂ ಕಡೆಯವರು ಕೂಡಿ ಮಾಡಿದ ಸರ್ಕಾರ ಒಂದಿತ್ತು. ಅದರ ಶಿಕ್ಷಣ ಮಂತ್ರಿ ಬೇಸಿಲ್ ಮಕೈವರ್ ಎರಡೂ ಚರ್ಚುಗಳು ಸೇರಿ ನಡೆಸುವ ಶಾಲೆಗಳ ಯೋಜನೆ ಮುಂದಿಟ್ಟರು. ಅದೇ ಮೇ ತಿಂಗಳಲ್ಲಿ ಸರ್ಕಾರವೇ ಬಿದ್ದುಹೋಯಿತು. 1978ರಲ್ಲಿ ಲಾರ್ಡ್ ಡನ್‌ಲೀತ್ ಮುತುವರ್ಜಿಯಿಂದ ಒಂದು ಕಾನೂನು ಬಂತು. ಈಗಿರುವ ಶಾಲೆ ಬೇಕಾದರೆ ಇಂಟಿಗ್ರೇಟೆಡ್ ಆಗಬಹುದು ಅಂತ ಅದು ಹೇಳಿತು. ಒಂದೇ ಒಂದು ಶಾಲೆಯೂ ಮುಂದೆ ಬರಲಿಲ್ಲ. ಇನ್ನೆಷ್ಟು ಕಾಯುವುದು ಅಂತ ಆ ಪೋಷಕರು ತಾವೇ ಶಾಲೆ ತೆರೆದರು. ಅದೇ ಲಗಾನ್ ಕಾಲೇಜ್. ಹೆಸರಿನಲ್ಲಿ ಕಾಲೇಜ್ ಅಂತ ಇದ್ದರೂ ಅದು ಸೆಕೆಂಡರಿ ಶಾಲೆ. ಬೆಲ್‌ಫಾಸ್ಟ್‌ನಲ್ಲಿ ಹರಿಯುವ ಲಗಾನ್ ನದಿಯ ಹೆಸರು.

1981ರ ಸೆಪ್ಟೆಂಬರ್. ಅದು ಎಂಥ ವರ್ಷ ಅಂತ ತಿಳಿದರೆ ಆ ಪೋಷಕರ ಧೈರ್ಯ ಅರ್ಥವಾಗುತ್ತದೆ. ಆ ವರ್ಷ ಮೇ ತಿಂಗಳಿಂದ ಆಗಸ್ಟ್‌ವರೆಗೆ ಜೈಲಿನಲ್ಲಿ ಉಪವಾಸ ಕೂತು, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಹತ್ತು ಜನ ಐರಿಷ್ ಕೈದಿಗಳು ಸತ್ತಿದ್ದರು. ಬೀದಿಗಳಲ್ಲಿ ದಿನವೂ ಬೆಂಕಿ, ಕಲ್ಲು, ಸಾವು. ಎರಡು ಕಡೆಯವರ ಮಧ್ಯೆ ದ್ವೇಷ ಕುದಿಯುತ್ತಿದ್ದ ಹೊತ್ತು. ಅದೇ ಹೊತ್ತಿಗೆ ದಕ್ಷಿಣ ಬೆಲ್‌ಫಾಸ್ಟ್‌ನ ಒಂದು ಸ್ಕೌಟ್ ಹಾಲ್‌ನಲ್ಲಿ 28 ಮಕ್ಕಳು ಒಟ್ಟಿಗೆ ಕೂತರು. ಸರ್ಕಾರದ ಒಂದು ಪೈಸೆ ಇರಲಿಲ್ಲ. ಪೋಷಕರು ಕೈಯಿಂದ ಹಾಕಿದರು, ಸಾಲ ಮಾಡಿದರು, ದಾನ ಕೇಳಿದರು. ಮೊದಲ ಹೆಡ್‌ಮಿಸ್ಟ್ರೆಸ್ ಶೀಲಾ ಗ್ರೀನ್‌ಫೀಲ್ಡ್. ಏಳು ವರ್ಷದ ಹಿಂದೆ ಮಂತ್ರಿಯಾಗಿ ಸೋತಿದ್ದ ಬೇಸಿಲ್ ಮಕೈವರ್ ಆ ಶಾಲೆಯ ಆಡಳಿತ ಮಂಡಳಿಯ ಮೊದಲ ಅಧ್ಯಕ್ಷರಾದರು. ಇದನ್ನು ಓದಿದಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ. ಮಂತ್ರಿಯಾಗಿ ಇಡೀ ನಾಡಿಗೆ ಮಾಡಲಾಗದ್ದನ್ನು ಆ ಮನುಷ್ಯ 28 ಮಕ್ಕಳಿಗಾಗಿ ಮಾಡಲು ಬಂದರು. ಶಾಲೆಗೆ ಇಟ್ಟ ಧ್ಯೇಯವಾಕ್ಯ ಲ್ಯಾಟಿನ್‌ನಲ್ಲಿದೆ, 'ಉತ್ ಸಿಂತ್ ಊನುಮ್', 'ಅವರು ಒಂದಾಗಿರಲಿ' ಅಂತ. ಯೋಹಾನನ ಸುವಾರ್ತೆಯ ಮಾತು. ಎರಡು ಕಡೆಯವರೂ ಓದುವ ಬೈಬಲ್‌ನಿಂದಲೇ ಆರಿಸಿದ್ದು.

1984ರಲ್ಲಿ ಶಾಲೆಗೆ ಸರ್ಕಾರದ ಅನುದಾನ ಸಿಕ್ಕಿತು. 1985ರಲ್ಲಿ ಉತ್ತರ ಬೆಲ್‌ಫಾಸ್ಟ್‌ನಲ್ಲಿ, ಜಗಳ ಅತಿ ಹೆಚ್ಚಿದ್ದ ಕಡೆಯಲ್ಲೇ, ಹೇಜಲ್‌ವುಡ್ ಶಾಲೆ ಬಂತು. 1989ರ ಕಾನೂನಿನ ಪ್ರಕಾರ ಇಂಥ ಶಾಲೆಗಳನ್ನು ಪ್ರೋತ್ಸಾಹಿಸುವುದು ಸರ್ಕಾರದ ಕರ್ತವ್ಯವೇ ಆಯಿತು. ಡೆರಿಯಲ್ಲಿ ಓಕ್‌ಗ್ರೋವ್, ಎನಿಸ್ಕಿಲೆನ್‌ನಲ್ಲಿ ಅರ್ನ್, ಓಮಾದಲ್ಲಿ ಡ್ರಮ್‌ರಾ, ಹೀಗೆ ಊರೂರಿನಲ್ಲಿ ಪೋಷಕರು ಎದ್ದರು. ಇಂದು ಪ್ರೈಮರಿ, ಸೆಕೆಂಡರಿ ಸೇರಿ ಸುಮಾರು 70 ಇಂಟಿಗ್ರೇಟೆಡ್ ಶಾಲೆಗಳಿವೆ. 28 ಮಕ್ಕಳ ಲಗಾನ್ ಕಾಲೇಜ್ ಈಗ ಕ್ಯಾಸಲ್‌ರೇ ಬೆಟ್ಟದ ಇಳಿಜಾರಿನಲ್ಲಿದೆ, ಸಾವಿರಕ್ಕೂ ಮಿಕ್ಕಿ ಮಕ್ಕಳು ಓದುತ್ತಾರೆ, ಸೀಟಿಗೆ ಪೈಪೋಟಿ ಇದೆ. ಆದರೂ ಇಡೀ ಉತ್ತರ ಐರ್ಲೆಂಡಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಈಗಲೂ ಬೇರೆ ಥರದ ಶಾಲೆಗಳಲ್ಲೇ ಓದುತ್ತಾರೆ. ನಲವತ್ತು ವರ್ಷದ ದುಡಿಮೆಗೆ ಇದು ಕಡಿಮೆ ಫಲ ಅಂತಲೇ ನನ್ನ ಅಭಿಪ್ರಾಯ.

ಇನ್ನು ನೀವು ಕೇಳಿದ 'ಅಷ್ಟು ದೊಡ್ಡದೇನಿದೆ' ಅನ್ನುವ ಪ್ರಶ್ನೆಯ ಒಳಗೆ ಹೋಗೋಣ.

ಒಂದೇ ಕಟ್ಟಡದಲ್ಲಿ ಎರಡೂ ಕಡೆಯ ಮಕ್ಕಳಿದ್ದ ಮಾತ್ರಕ್ಕೆ ಅದು ಇಂಟಿಗ್ರೇಟೆಡ್ ಶಾಲೆಯಲ್ಲ. ಇದನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ, ಏಕೆಂದರೆ ಬಹಳ ಪೋಷಕರು ಇಲ್ಲೇ ಮೋಸ ಹೋಗುತ್ತಾರೆ. 'ನಮ್ಮ ಗ್ರಾಮರ್ ಶಾಲೆಯಲ್ಲೂ ಕ್ಯಾಥೋಲಿಕ್ ಮಕ್ಕಳಿದ್ದಾರೆ' ಅಂತ ಅನೇಕ ಶಾಲೆಯವರು ಹೇಳುತ್ತಾರೆ. ನಿಜ, ಇರುತ್ತಾರೆ. ಆದರೆ ಆ ಮಕ್ಕಳು ಬೇರೆಯವರ ಮನೆಗೆ ನೆಂಟರಾಗಿ ಬಂದ ಹಾಗೆ ಇರುತ್ತಾರೆ. ಶಾಲೆಯ ಹಬ್ಬ, ಹಾಡು, ಆಟ, ಆಡಳಿತ ಮಂಡಳಿ ಎಲ್ಲ ಒಂದೇ ಕಡೆಯದು. 2014ರಲ್ಲಿ ಡ್ರಮ್‌ರಾ ಶಾಲೆಯ ಕೇಸಿನಲ್ಲಿ ಅಲ್ಲಿನ ಹೈಕೋರ್ಟ್ ಕೂಡ ಇದನ್ನೇ ಹೇಳಿತು. ಒಂದು ಕಡೆಯ ಶಾಲೆ ಇನ್ನೊಂದು ಕಡೆಯ ಮಕ್ಕಳಿಗೆ ಬಾಗಿಲು ತೆರೆದಿಟ್ಟರೆ ಅದು ಇಂಟಿಗ್ರೇಟೆಡ್ ಶಿಕ್ಷಣ ಆಗುವುದಿಲ್ಲ, ಇಂಟಿಗ್ರೇಟೆಡ್ ಶಿಕ್ಷಣವೇ ಬೇರೆ ಅಂತ. 2022ರ ಹೊಸ ಕಾನೂನು ಅದನ್ನು ಇನ್ನೂ ಬಿಡಿಸಿ ಹೇಳಿದೆ. ಕ್ಯಾಥೋಲಿಕ್ ಮತ್ತು ಪ್ರೊಟೆಸ್ಟೆಂಟ್ ಮಕ್ಕಳು ಸಾಕಷ್ಟು ಸಂಖ್ಯೆಯಲ್ಲಿರಬೇಕು. ಬೇರೆ ಧರ್ಮದವರು, ಧರ್ಮವೇ ಇಲ್ಲದವರು ಇರಬೇಕು. ಬಡವರೂ ಅನುಕೂಲಸ್ಥರೂ ಇರಬೇಕು. ಓದಿನಲ್ಲಿ ಮುಂದಿರುವವರೂ ಹಿಂದಿರುವವರೂ ಇರಬೇಕು. ಇವರೆಲ್ಲ ಒಟ್ಟಿಗೆ ಕಲಿತರೆ ಮಾತ್ರ ಅದಕ್ಕೆ ಆ ಹೆಸರು.

ಹಾಗಾದರೆ ಒಳಗೆ ಏನು ನಡೆಯುತ್ತದೆ? ವರ್ಷದಲ್ಲಿ ಕೆಲವು ದಿನ ನೋಡಿದರೆ ಸಾಕು. ನವೆಂಬರ್ ಬಂತು ಅಂದರೆ ಬ್ರಿಟನ್ನಿನಲ್ಲಿ ಯುದ್ಧದಲ್ಲಿ ಸತ್ತವರ ನೆನಪಿಗೆ ಕೆಂಪು ಪಾಪಿ ಹೂವನ್ನು ಎದೆಗೆ ಸಿಕ್ಕಿಸಿಕೊಳ್ಳುತ್ತಾರೆ. ಪ್ರೊಟೆಸ್ಟೆಂಟ್ ಮನೆಯ ಮಗುವಿಗೆ ಅದು ಸತ್ತ ಮುತ್ತಜ್ಜನಿಗೆ ಕೊಡುವ ಗೌರವ. ಅನೇಕ ಕ್ಯಾಥೋಲಿಕ್ ಮನೆಗಳಲ್ಲಿ ಅದೇ ಹೂವು, ತಮ್ಮ ಬೀದಿಗೆ ಬಂದೂಕು ಹಿಡಿದು ಬಂದ ಸೈನ್ಯದ ಗುರುತು. ಮಾಮೂಲಿ ಶಾಲೆಗಳಲ್ಲಿ ಇದು ಸಮಸ್ಯೆಯೇ ಅಲ್ಲ, ಒಂದು ಶಾಲೆಯಲ್ಲಿ ಎಲ್ಲರೂ ಹಾಕುತ್ತಾರೆ, ಇನ್ನೊಂದರಲ್ಲಿ ಯಾರೂ ಹಾಕುವುದಿಲ್ಲ. ನಮ್ಮ ಶಾಲೆಯಲ್ಲಿ ಹಾಕಿದವರು, ಹಾಕದವರು ಒಂದೇ ಟೇಬಲ್ಲಿನಲ್ಲಿ ಊಟಕ್ಕೆ ಕೂರುತ್ತಿದ್ದರು. ನನ್ನ ಎರಡನೇ ವರ್ಷ ಒಬ್ಬ ಹುಡುಗ ಇನ್ನೊಬ್ಬನ ಪಾಪಿ ಹೂವನ್ನು ಕಿತ್ತು ನೆಲಕ್ಕೆ ಹಾಕಿದ. ಹೊಡೆದಾಟವಾಗುತ್ತಿತ್ತು. ನಾನು ಇಬ್ಬರನ್ನೂ ಹೊರಗೆ ಕಳಿಸಿ, ಬೋರ್ಡಿನ ಕಡೆ ತಿರುಗಿ ಪಾಠ ಮುಂದುವರಿಸಿದೆ. ಗಣಿತದ ಕ್ಲಾಸಿನಲ್ಲಿ ಇದೆಲ್ಲ ಯಾಕೆ ಅನಿಸಿತ್ತು. ಅವತ್ತು ಸಂಜೆ, ಮೊದಲ ವಾರ ಟೀ ತಂದುಕೊಟ್ಟಿದ್ದ ಅದೇ ಹಿರಿಯ ಟೀಚರ್ ಹೇಳಿದರು, 'ನೀನು ಪಾಠ ನಿಲ್ಲಿಸಬೇಕಿತ್ತು ಕಣಮ್ಮ. ಇದೇ ಪಾಠ.' ಮಾರನೇ ದಿನ ಅವರು ಆ ಇಬ್ಬರನ್ನು ಕೂರಿಸಿಕೊಂಡು ಒಬ್ಬೊಬ್ಬರ ಮನೆಯ ಕತೆ ಹೇಳಿಸಿದರು. ಒಬ್ಬನ ತಾತ ಸೈನ್ಯದಲ್ಲಿದ್ದವರು. ಇನ್ನೊಬ್ಬನ ದೊಡ್ಡಪ್ಪನನ್ನು ಸೈನಿಕರು ವಿಚಾರಣೆಯಿಲ್ಲದೆ ಹಿಡಿದು ಜೈಲಿಗೆ ಹಾಕಿದ್ದರು. ಇಬ್ಬರೂ ಆಪ್ತಮಿತ್ರರಾದರು ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಮುಂದಿನ ನವೆಂಬರ್‌ನಲ್ಲಿ ಒಬ್ಬ ಹಾಕಿದ್ದ, ಇನ್ನೊಬ್ಬ ಹಾಕಿರಲಿಲ್ಲ, ಇಬ್ಬರೂ ಒಂದೇ ಬೆಂಚಿನಲ್ಲಿದ್ದರು.

ಫೆಬ್ರವರಿ, ಮಾರ್ಚ್ ಹೊತ್ತಿಗೆ ಬೂದಿ ಬುಧವಾರ, ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸ ಶುರುವಾಗುವ ದಿನ. ಕ್ಯಾಥೋಲಿಕ್ ಮಕ್ಕಳು ಹಣೆಗೆ ಬೂದಿ ಹಚ್ಚಿಕೊಂಡು ಬರುತ್ತಾರೆ. ಪ್ರೊಟೆಸ್ಟೆಂಟ್ ಮನೆಯ ಒಬ್ಬಳು ಹುಡುಗಿ ಅದನ್ನು ಮೊದಲ ಸಲ ನೋಡಿ 'ಮಿಸ್, ಅವಳ ಮುಖ ಕೊಳೆಯಾಗಿದೆ' ಅಂತ ಪಾಪ ಕರ್ಚೀಫ್ ಕೊಡಲು ಹೋಗಿದ್ದಳು. ಹನ್ನೊಂದು ವರ್ಷ ಅದೇ ಊರಿನಲ್ಲಿ ಬೆಳೆದ ಮಗು, ಊರಿನ ಅರ್ಧ ಜನರ ಹಣೆಯ ಮೇಲಿನದ್ದು ಏನು ಅಂತ ಅವಳಿಗೆ ಗೊತ್ತಿರಲಿಲ್ಲ. ನಾನು ಅವರಿಗೆ ನಮ್ಮ ವಿಭೂತಿಯ ಬಗ್ಗೆ ಹೇಳಿದೆ. ಅವತ್ತು ಗಣಿತ ಅಷ್ಟೇನೂ ಆಗಲಿಲ್ಲ.

ಇತಿಹಾಸದ ಪಾಠವೂ ಹಾಗೆಯೇ. ನಮ್ಮ ಎಸ್ಸೆಸ್ಸೆಲ್ಸಿಯಂಥ ಪರೀಕ್ಷೆಯಾದ ಜಿಸಿಎಸ್‌ಇ ಇತಿಹಾಸದಲ್ಲಿ 1965ರಿಂದ 1998ರವರೆಗಿನ ಉತ್ತರ ಐರ್ಲೆಂಡಿನ ಕತೆ ಇದೆ. ಬೇರೆ ಶಾಲೆಗಳಲ್ಲೂ ಅದೇ ಪುಸ್ತಕ, ಅದೇ ಪರೀಕ್ಷೆ. ಆದರೆ ಆ ಕತೆಯಲ್ಲಿ ಎದುರು ಕಡೆಯಲ್ಲಿದ್ದವರ ಮೊಮ್ಮಗಳು ನಿಮ್ಮ ಪಕ್ಕದಲ್ಲೇ ಕೂತಿದ್ದರೆ, ಅದೇ ಪುಟವನ್ನು ಓದುವ ರೀತಿ ಬೇರೆಯಾಗುತ್ತದೆ. ಸುಮ್ನೆ ಹತ್ತಿರ ಕೂತರೆ ದ್ವೇಷ ಕರಗುವುದಿಲ್ಲ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಬರೆದಿದ್ದರು. ಇಬ್ಬರಿಗೂ ಸಮಾನ ಸ್ಥಾನ ಇರಬೇಕು, ಕೂಡಿ ಮಾಡುವ ಕೆಲಸ ಇರಬೇಕು, ಮೇಲಿರುವವರ ಬೆಂಬಲ ಇರಬೇಕು. ಒಳ್ಳೆಯ ಇಂಟಿಗ್ರೇಟೆಡ್ ಶಾಲೆ ಈ ಮೂರನ್ನೂ ಬೇಕೆಂದೇ ಮಾಡುತ್ತದೆ. ಕೆಟ್ಟದ್ದು 'ನಮ್ಮಲ್ಲಿ ಭೇದವೇ ಇಲ್ಲ' ಅಂತ ಹೇಳಿ ಎಲ್ಲವನ್ನೂ ಕಾರ್ಪೆಟ್ ಕೆಳಗೆ ಗುಡಿಸುತ್ತದೆ. ಅಂಥವೂ ಇವೆ. ನಾನು ನೋಡಿದ್ದೇನೆ.

ನಿಮ್ಮ ಮಗಳ ವಿಷಯ. 2021ರ ಜನಗಣತಿಯಲ್ಲಿ ಕ್ಯಾಥೋಲಿಕ್ ಹಿನ್ನೆಲೆಯವರು ಶೇ. 45.7, ಪ್ರೊಟೆಸ್ಟೆಂಟ್ ಮತ್ತಿತರ ಕ್ರೈಸ್ತ ಹಿನ್ನೆಲೆಯವರು ಶೇ. 43.5. ಹಿಂದೂ, ಮುಸ್ಲಿಂ, ಸಿಖ್ ಎಲ್ಲ ಬೇರೆ ಧರ್ಮದವರು ಸೇರಿದರೂ ಶೇ. 1.5. ಅರ್ಜಿ ನಮೂನೆಗಳಲ್ಲಿ ನಾವು 'ಇತರೆ'. ನೀವು ಕ್ಯಾಥೋಲಿಕ್ ಹಿಂದೂನೋ ಪ್ರೊಟೆಸ್ಟೆಂಟ್ ಹಿಂದೂನೋ ಅಂತ ನನ್ನನ್ನು ನಿಜವಾಗಿಯೂ ಕೇಳಿದ್ದಾರೆ. ಕೇಳಿದವರಲ್ಲಿ ಕೆಟ್ಟ ಮನಸ್ಸು ಇರಲಿಲ್ಲ. ಅವರಿಗೆ ಜಗತ್ತು ಎರಡೇ ಖಾನೆಯದು. ಇಂಟಿಗ್ರೇಟೆಡ್ ಶಾಲೆಯಲ್ಲಿ ಮೂರನೇ ಖಾನೆಗೆ ಮೊದಲಿನಿಂದಲೂ ಜಾಗ ಇಟ್ಟಿದ್ದಾರೆ. ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ ನೂರರಲ್ಲಿ ನಲವತ್ತು ಕ್ಯಾಥೋಲಿಕ್, ನಲವತ್ತು ಪ್ರೊಟೆಸ್ಟೆಂಟ್, ಇಪ್ಪತ್ತು ಉಳಿದವರು. ಅಂದರೆ ನಿಮ್ಮ ಮಗಳು ಅಲ್ಲಿ ಲೆಕ್ಕಕ್ಕೆ ಬರುತ್ತಾಳೆ, ಬರುವುದು ಬೇಕು ಅಂತಲೂ ಅವರಿಗಿದೆ. ಆದರೆ ಒಂದು ವಿಷಯ ತಿಳಿದಿರಲಿ. ಈ ಶಾಲೆಗಳೂ ಮೂಲದಲ್ಲಿ ಕ್ರೈಸ್ತ ಸ್ವಭಾವದವೇ. ಪ್ರಾರ್ಥನೆ ಇರುತ್ತದೆ, ಕ್ರಿಸ್ಮಸ್ ಜೋರಾಗಿರುತ್ತದೆ. ಧರ್ಮದ ಪಾಠದ ಸಿಲೆಬಸ್ ಮಾಡಿದ್ದೂ ನಾಲ್ಕು ದೊಡ್ಡ ಚರ್ಚುಗಳೇ. ಬೇಡವಾದರೆ ಮಗಳನ್ನು ಆ ಪಾಠದಿಂದ, ಪ್ರಾರ್ಥನೆಯಿಂದ ಹೊರಗಿಡುವ ಹಕ್ಕು ಯಾವ ಶಾಲೆಯಲ್ಲಾದರೂ ನಿಮಗಿದೆ. ನಾನು ಮಾತ್ರ ನನ್ನ ಮಗನನ್ನು ಹೊರಗಿಡಲಿಲ್ಲ. ಅವನು ಯೇಸುವಿನ ಕತೆಯನ್ನೂ ಕಲಿತ, ದೀಪಾವಳಿಗೆ ಅಸೆಂಬ್ಲಿಯಲ್ಲಿ ನರಕಾಸುರನ ಕತೆಯನ್ನೂ ಹೇಳಿದ.

ಇನ್ನೊಂದು ಭಯ ನೀವು ಬರೆದಿಲ್ಲ, ಆದರೆ ಇರುತ್ತದೆ ಅಂತ ನನಗೆ ಗೊತ್ತು. 2024ರ ಆಗಸ್ಟ್‌ನಲ್ಲಿ ಬೆಲ್‌ಫಾಸ್ಟ್‌ನಲ್ಲಿ ವಲಸೆ ಬಂದವರ ಅಂಗಡಿಗಳಿಗೆ ಬೆಂಕಿ ಹಚ್ಚಿದಾಗ ನಮ್ಮ ಜನ ಎಷ್ಟೋ ಮನೆಗಳಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದರು. ಶಾಲೆಯೊಂದೇ ಇದನ್ನೆಲ್ಲ ತಡೆಯುತ್ತದೆ ಅಂತ ನಾನು ಹೇಳಲಾರೆ. ಆದರೆ 'ನೀನು ಯಾರು' ಅಂತ ಕೇಳುವುದನ್ನು, ಹೇಳುವುದನ್ನು ದಿನನಿತ್ಯದ ಮಾತು ಮಾಡಿಕೊಂಡ ಶಾಲೆಯಲ್ಲಿ ನಿಮ್ಮ ಮಗಳ ಮೈಬಣ್ಣದ ಬಗ್ಗೆ ಯಾರಾದರೂ ಕೆಟ್ಟ ಮಾತಾಡಿದರೆ, ಅದನ್ನು ಎತ್ತಿ ಮಾತಾಡಲು ಟೀಚರ್‌ಗಳಿಗೆ ಅಭ್ಯಾಸವಿರುತ್ತದೆ. ಮಾತಾಡುವುದನ್ನೇ ತಪ್ಪಿಸುವ ಶಾಲೆಯಲ್ಲಿ ಅದು ಇರುವುದಿಲ್ಲ.

ಈಗ ನಿಮ್ಮ ಯಜಮಾನರ ಪ್ರಶ್ನೆ. ಗ್ರಾಮರ್ ಶಾಲೆ ಬೇಕು ಅನ್ನುವುದರಲ್ಲಿ ತಪ್ಪಿಲ್ಲ. ಓದಿನಲ್ಲಿ ಅವುಗಳ ಫಲಿತಾಂಶ ಚೆನ್ನಾಗಿರುತ್ತದೆ. ಆದರೆ ಪರೀಕ್ಷೆ ಮಾಡಿ ಚೆನ್ನಾಗಿ ಓದುವ ಮಕ್ಕಳನ್ನೇ ಆರಿಸಿಕೊಂಡರೆ ಫಲಿತಾಂಶ ಚೆನ್ನಾಗಿ ಬಂದೇ ಬರುತ್ತದೆ, ಅಲ್ವಾ? ಶಾಲೆಯ ಒಟ್ಟು ಫಲಿತಾಂಶ ನೋಡಿ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ನಿಮ್ಮ ಮಗಳಂಥ ಮಗು, ಮನೆಯಲ್ಲಿ ಓದಿಸುವವರಿರುವ ಮಗು, ಅಲ್ಲಿ ಎಷ್ಟು ಮಾಡುತ್ತದೆ ಅಂತ ಕೇಳಬೇಕು. ನನ್ನ ಕ್ಲಾಸಿನಿಂದ ಮೆಡಿಕಲ್‌ಗೆ ಹೋದವರಿದ್ದಾರೆ, ಎಂಜಿನಿಯರಿಂಗ್‌ಗೆ ಹೋದವರಿದ್ದಾರೆ, ಬಡಗಿಗಳಾದವರೂ ಇದ್ದಾರೆ. ಇಂಟಿಗ್ರೇಟೆಡ್ ಶಾಲೆಗಳಲ್ಲಿ ಬಹುತೇಕ ಪರೀಕ್ಷೆಯಿಲ್ಲದೆಯೇ ಸೇರಿಸಿಕೊಳ್ಳುತ್ತವೆ. ಲಗಾನ್‌ನಂಥ ಒಂದೆರಡು ಮಾತ್ರ ಒಂದು ಪಾಲು ಸೀಟನ್ನು, ಗ್ರಾಮರ್ ಶಾಲೆಗೆ ಸೇರಲು ಬರೆಯುವ ಟ್ರಾನ್ಸ್‌ಫರ್ ಟೆಸ್ಟ್ ಅಂಕ ನೋಡಿ ಕೊಡುತ್ತವೆ. ಆ ಟೆಸ್ಟು ಪಿ7ರ ನವೆಂಬರ್‌ನಲ್ಲಿ ಎರಡು ಪೇಪರ್ ಆಗಿ ನಡೆಯುತ್ತದೆ. ಹಾಗಾಗಿ ಮಗಳು ಬರೆಯಲಿ. ಬರೆದರೆ ಎರಡೂ ದಾರಿ ತೆರೆದಿರುತ್ತದೆ. ಆದರೆ ಹತ್ತು ವರ್ಷದ ಮಗುವಿಗೆ ಟ್ಯೂಷನ್ ಮೇಲೆ ಟ್ಯೂಷನ್ ಹಾಕಿ ಹಿಂಡಬೇಡಿ. ನಮ್ಮಲ್ಲಿ ಸಿಇಟಿಗೆ ಮಾಡುವುದನ್ನು ಅಲ್ಲಿನ ನಮ್ಮ ಜನ ಪಿ6ರಲ್ಲೇ ಶುರುಮಾಡುವುದನ್ನು ನೋಡಿ ನನಗೆ ನೋವಾಗಿದೆ.

ಈ ಶಾಲೆಗಳ ಬಗ್ಗೆ ಒಪ್ಪದವರೂ ಇದ್ದಾರೆ, ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ನಮ್ಮ ಮಕ್ಕಳನ್ನು ನಮ್ಮ ನಂಬಿಕೆಯಲ್ಲಿ ಬೆಳೆಸುವುದು ನಮ್ಮ ಹಕ್ಕು ಅಂತ ಕ್ಯಾಥೋಲಿಕ್ ಚರ್ಚು ಹೇಳುತ್ತದೆ. ಬಹುಕಾಲ ಒಳ್ಳೆಯ ಸರ್ಕಾರಿ ಕೆಲಸಗಳು ಸಿಗದೆ ಹೋದ ಸಮುದಾಯಕ್ಕೆ ಆ ಶಾಲೆಗಳೇ ಬೆನ್ನೆಲುಬಾಗಿದ್ದವು ಅನ್ನುವುದೂ ನಿಜ. ಮನೆಗಳೇ ಬೇರೆ ಬೇರೆ ಬೀದಿಯಲ್ಲಿರುವಾಗ ಶಾಲೆ ಒಂದಾಗಿ ಏನು ಪ್ರಯೋಜನ ಅಂತ ಇನ್ನು ಕೆಲವರು ಕೇಳುತ್ತಾರೆ. ನನ್ನ ವಿದ್ಯಾರ್ಥಿಗಳೂ ಮಧ್ಯಾಹ್ನ ಮೂರೂವರೆಗೆ ಬೇರೆ ಬೇರೆ ಬಸ್ ಹತ್ತಿ ಗೋಡೆಯ ಆಚೆ ಈಚೆ ಹೋಗುತ್ತಿದ್ದರು. ಅದು ನನ್ನನ್ನು ಕಾಡುತ್ತಿತ್ತು. ಆದರೆ ಅದೇ ಮಕ್ಕಳು ಶನಿವಾರ ಪೇಟೆಯಲ್ಲಿ ಒಟ್ಟಿಗೆ ಓಡಾಡುತ್ತಿದ್ದರು. ಅವರ ಅಣ್ಣಂದಿರಿಗೆ ಹಾಗೆ ಜೊತೆಗೆ ಓಡಾಡುವ ಗೆಳೆಯರೇ ಇರಲಿಲ್ಲ. ರಾಜಕೀಯವೂ ಇದೆ. ಬ್ಯಾಂಗರ್ ಊರಿನ ದೊಡ್ಡ ಶಾಲೆಯೊಂದರಲ್ಲಿ, ಮತ ಹಾಕಿದ ಪೋಷಕರಲ್ಲಿ ಸುಮಾರು ಶೇ. 80 ಜನ ಶಾಲೆ ಇಂಟಿಗ್ರೇಟೆಡ್ ಆಗಲಿ ಅಂದರು. ಅಲ್ಲಿ ಕ್ಯಾಥೋಲಿಕ್ ಮಕ್ಕಳು ತೀರಾ ಕಡಿಮೆ ಅನ್ನುವ ಕಾರಣಕ್ಕೆ 2025ರ ಜನವರಿಯಲ್ಲಿ ಶಿಕ್ಷಣ ಮಂತ್ರಿ ಒಪ್ಪಿಗೆ ಕೊಡಲಿಲ್ಲ. ಸಂಖ್ಯೆ ಮುಖ್ಯ ಅಂತ ನಾನೂ ಹೇಳಿದೆ. ಆದರೆ ಪೋಷಕರು ಅಷ್ಟು ಜನ ಮುಂದೆ ಬಂದಾಗ ದಾರಿ ಹುಡುಕಿಕೊಡಬೇಕಿತ್ತು ಅನ್ನುವುದು ನನ್ನ ಮಾತು.

ನೀವು ಈಗ ಮಾಡಬೇಕಾದದ್ದು ಇಷ್ಟು. ಚಳಿಗಾಲದಲ್ಲಿ ಶಾಲೆಗಳು ಓಪನ್ ಡೇ ಇಡುತ್ತವೆ. ಈ ವರ್ಷವೇ ಹೋಗಿ, ಮುಂದಿನ ವರ್ಷದವರೆಗೆ ಕಾಯಬೇಡಿ. ಪಿ7ರಲ್ಲಿ ಹೊಸ ವರ್ಷ ಕಳೆದ ಕೂಡಲೇ ಅರ್ಜಿ ಹಾಕಬೇಕು, ಆಗ ಯೋಚಿಸಲು ಹೊತ್ತಿರುವುದಿಲ್ಲ. ಒಂದು ಇಂಟಿಗ್ರೇಟೆಡ್ ಶಾಲೆ, ಒಂದು ಗ್ರಾಮರ್ ಶಾಲೆ, ಎರಡನ್ನೂ ನೋಡಿ. ಲ್ಯಾಬು, ಈಜುಕೊಳ ಎಲ್ಲ ಅವರೇ ತೋರಿಸುತ್ತಾರೆ. ನೀವು ಬೇರೆ ಕೇಳಿ. ನವೆಂಬರ್‌ನಲ್ಲಿ ಪಾಪಿ ಹೂವಿನ ವಿಷಯದಲ್ಲಿ ಏನು ಮಾಡುತ್ತೀರಿ? ಬೂದಿ ಬುಧವಾರ ಹೇಗಿರುತ್ತದೆ? ಹುಡುಗಿಯರ ಹರ್ಲಿಂಗ್ ಆದ ಕ್ಯಾಮೋಗಿಯೂ ಇದೆಯಾ, ಹಾಕಿಯೂ ಇದೆಯಾ? ಕಳೆದ ಸಲ ಮಕ್ಕಳ ಮಧ್ಯೆ ಧರ್ಮದ ಬಗ್ಗೆ ಜಗಳ ಬಂದಾಗ ಏನು ಮಾಡಿದಿರಿ? 'ನಮ್ಮಲ್ಲಿ ಅಂಥ ಜಗಳ ಬರುವುದೇ ಇಲ್ಲ' ಅಂದರೆ ಸ್ವಲ್ಪ ಹುಷಾರಾಗಿರಿ. ಬಂತು, ಹೀಗೆ ಹೀಗೆ ಮಾಡಿದೆವು, ಅದರಲ್ಲಿ ಇದು ಸರಿಹೋಗಲಿಲ್ಲ ಅಂತ ಯಾರಾದರೂ ಬಿಡಿಸಿ ಹೇಳಿದರೆ ಆ ಶಾಲೆಯನ್ನು ಗಂಭೀರವಾಗಿ ಪರಿಗಣಿಸಿ. ಮನೆಯಿಂದ ಬಸ್ ಎಷ್ಟು ಹೊತ್ತು ಅಂತಲೂ ನೋಡಿಕೊಳ್ಳಿ, ಅಲ್ಲಿನ ಡಿಸೆಂಬರ್ ಕತ್ತಲಲ್ಲಿ ಏಳು ವರ್ಷ ಓಡಾಡಬೇಕಾದವಳು ಅವಳು.

ಮಗಳನ್ನೂ ಕರೆದುಕೊಂಡು ಹೋಗಿ. ಶಾಲೆ ಸುತ್ತಿಸುವುದು ಸಾಮಾನ್ಯವಾಗಿ ದೊಡ್ಡ ಕ್ಲಾಸಿನ ಮಕ್ಕಳೇ. ಸ್ವಲ್ಪ ಹೊತ್ತು ನೀವಿಬ್ಬರೂ ಹಿಂದೆ ಉಳಿದು, ಅವಳನ್ನು ಆ ಮಕ್ಕಳ ಜೊತೆ ಮುಂದೆ ಹೋಗಲು ಬಿಡಿ. ಅವಳಿಗೆ ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇರುತ್ತವೆ. ಮನೆಗೆ ಬಂದ ಮೇಲೆ ಅವಳು ಏನು ಹೇಳಿದಳು ಅಂತ ನನಗೆ ಬರೆಯಿರಿ.